ಊರಿನ ಕೆಲಸಕ್ಕೆ ಯಾರ ಜತೆ ಕೈ ಜೋಡಿಸಬೇಕು? ತೊಗರಿ ಸೀಮೆಯಿಂದ ಒಂದು ಹೋಲಿಕೆ

ಚಿತ್ತಾಪುರ ತಾಲ್ಲೂಕಿನ ಒಂದು ಊರು. ಸಮುದಾಯ ಭವನದ ಹಿಂದೆ ಒಂದು ಕೋಣೆ. ಅದರೊಳಗೆ ನೀಲಿ ಬಣ್ಣದ ಸಣ್ಣ ಬೇಳೆ ಗಿರಣಿ ಇತ್ತು. ಮೋಟಾರಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಬಿಚ್ಚಿರಲಿಲ್ಲ. ತೊಗರಿ ಸುರಿಯುವ ಬಾಯಿಯೊಳಗೆ ಗುಬ್ಬಿ ಹುಲ್ಲು ತಂದು ತುಂಬಿತ್ತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗುಂಪಿನ ಅಧ್ಯಕ್ಷೆ ನನ್ನ ತಾಯಿಯ ವಯಸ್ಸಿನವರು. "ಮಶೀನ್ ಬಂತು ತಂಗಿ, ಕರೆಂಟ್ ಬರಲಿಲ್ಲ" ಅಂದರು.

ನಾನು ಎಂಟು ವರ್ಷ ಮಹಿಳಾ ಒಕ್ಕೂಟಗಳ ಲೆಕ್ಕದ ಪುಸ್ತಕ ಬರೆದವಳು. ಆ ಗಿರಣಿಯ ಲೆಕ್ಕವನ್ನೂ ನಾನೇ ಬರೆಯಬೇಕಿತ್ತು. ಬರೆಯುವುದಕ್ಕೆ ಒಂದು ಸಾಲೂ ಇರಲಿಲ್ಲ. ಗಿರಣಿಗೆ ತ್ರೀ ಫೇಸ್ ಬೇಕು, ಕೋಣೆಯಲ್ಲಿದ್ದದ್ದು ಮನೆಗೆ ಕೊಡುವ ಕರೆಂಟು. ಮೀಟರ್ ಹಾಕಿಸಬೇಕಾದರೆ ಕೋಣೆ ಯಾರದು ಅಂತ ಕಾಗದ ಬೇಕು. ಕೋಣೆ ಪಂಚಾಯಿತಿಯದು, ಮಶೀನ್ ದಾನ ಕೊಟ್ಟ ಸಂಸ್ಥೆಯ ಹೆಸರಿನಲ್ಲಿತ್ತು, ದುಡಿಯಬೇಕಾದವರು ಹೆಣ್ಣುಮಕ್ಕಳು. ಮೂವರೂ ಒಳ್ಳೆಯ ಮನಸ್ಸಿನವರೇ. ಆದರೆ ಮೂವರೂ ಒಂದೇ ದಿನ ಒಂದೇ ಚಾಪೆಯ ಮೇಲೆ ಕೂತು ಮಾತಾಡಿದ್ದೇ ಇಲ್ಲ.

ಅವತ್ತಿನಿಂದ ಯಾರಾದರೂ ಬಂದು "ನಮ್ಮ ಊರಿಗೆ ಏನಾದರೂ ಮಾಡಬೇಕು, ಯಾರನ್ನು ಹಿಡಿಯೋಣ?" ಅಂತ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ: ನಿಮಗೆ ಕಮ್ಮಿ ಬಿದ್ದಿರುವುದು ಏನು? ದುಡ್ಡಾ, ಜಾಗವಾ, ಕೊಳ್ಳುವವರಾ, ಕಲಿಸುವವರಾ? ಒಬ್ಬೊಬ್ಬ ಪಾಲುದಾರ ಒಂದೊಂದನ್ನು ಮಾತ್ರ ಚೆನ್ನಾಗಿ ಕೊಡುತ್ತಾನೆ. ಎಲ್ಲವನ್ನೂ ಕೊಡುತ್ತೇನೆ ಅನ್ನುವವರ ಹತ್ತಿರ ಸ್ವಲ್ಪ ಹುಷಾರಾಗಿರಿ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ. ನಮ್ಮ ಕಲಬುರಗಿ ಸೀಮೆಯಲ್ಲಿ ಇದಕ್ಕೆ ತೊಗರಿಗಿಂತ ಒಳ್ಳೆಯ ಉದಾಹರಣೆ ಎಲ್ಲಿದೆ? ಊರಿನ ತೊಗರಿಯನ್ನು ಚೀಲದಲ್ಲಿ ಮಾರುವ ಬದಲು ಬೇಳೆ ಮಾಡಿ ಮಾರಬೇಕು ಅಂತ ಒಂದಿಷ್ಟು ಜನ ಹೊರಟಿದ್ದೀರಿ ಅಂದುಕೊಳ್ಳಿ.

ಮೊದಲು ಸ್ವಲ್ಪ ಲೆಕ್ಕ

2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಸಣ್ಣ ಗಿರಣಿಯಲ್ಲಿ ಒಂದು ಕ್ವಿಂಟಲ್ ತೊಗರಿ ಒಡೆದರೆ 70 ಕೆಜಿ ಬೇಳೆ ಬಂತು ಅಂತ ಹಿಡಿಯಿರಿ. ಉಳಿದದ್ದು ನುಚ್ಚು, ಹೊಟ್ಟು, ಒಂದಿಷ್ಟು ಧೂಳು. ಅಂದರೆ ಬರೀ ತೊಗರಿಯ ಬೆಲೆಯೇ ಕೆಜಿ ಬೇಳೆಗೆ 114 ರೂಪಾಯಿ ಆಯಿತು. ಅದರ ಮೇಲೆ ಕೂಲಿ, ಕರೆಂಟು, ಪ್ಯಾಕೆಟ್, ಬಸ್ಸಿಗೆ ಹಾಕುವ ಖರ್ಚು. ಅದೇ ತೊಗರಿಯಿಂದ 75 ಕೆಜಿ ಬೇಳೆ ತೆಗೆದರೆ ಕೆಜಿಗೆ 107ಕ್ಕೆ ಇಳಿಯುತ್ತದೆ. ಏಳು ರೂಪಾಯಿ ವ್ಯತ್ಯಾಸ! ಬೇಳೆಯ ವ್ಯಾಪಾರದಲ್ಲಿ ಲಾಭವೂ ನಷ್ಟವೂ ಆ ಏಳು ರೂಪಾಯಿಯಲ್ಲೇ ಇರುತ್ತದೆ. ಹೊಟ್ಟು, ನುಚ್ಚು ದನಕ್ಕೆ ಮಾರಿದರೆ ಇನ್ನೊಂದಿಷ್ಟು ಬರುತ್ತದೆ, ಅದನ್ನು ಬಿಟ್ಟುಕೊಡಬೇಡಿ.

ಈ ಲೆಕ್ಕ ಕೈಯಲ್ಲಿ ಇಟ್ಟುಕೊಂಡು ಪಾಲುದಾರರನ್ನು ನೋಡೋಣ.

ಮಹಿಳಾ ಗುಂಪು ಮತ್ತು ಒಕ್ಕೂಟ

ಇದು ನನ್ನ ತವರು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ಆದರೆ ಬೀದರ್ ಕಡೆಯವರಿಗೆ ಗೊತ್ತು. 1990ರ ದಶಕದಲ್ಲಿ ಅಲ್ಲಿನ ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕು ಸ್ವಸಹಾಯ ಗುಂಪುಗಳಿಗೆ ನೇರವಾಗಿ ಸಾಲ ಕೊಡಲು ಶುರು ಮಾಡಿ ಬೇರೆ ರಾಜ್ಯದವರೂ ಬಂದು ನೋಡುವಂಥ ಕೆಲಸ ಮಾಡಿತು. ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಗುಂಪು ಮತ್ತು ಬ್ಯಾಂಕಿನ ಜೋಡಣೆ ಶುರು ಮಾಡಿತ್ತು. ಬೀದರಿನ ಹೆಣ್ಣುಮಕ್ಕಳು ಅದನ್ನು ನಡೆಸಿ ತೋರಿಸಿದರು.

ಈಗ ಸರ್ಕಾರದ ಸಂಜೀವಿನಿ ಯೋಜನೆಯಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಕ್ಕೂಟಗಳಿವೆ. ಗುಂಪು ವಾರವಾರ ಸೇರುತ್ತಾ, ಉಳಿತಾಯ ಕಟ್ಟುತ್ತಾ, ಒಳಗೊಳಗೇ ಸಾಲ ಕೊಟ್ಟು, ಅದನ್ನು ವಸೂಲಿ ಮಾಡಿ, ಪುಸ್ತಕ ಸರಿಯಾಗಿ ಬರೆದಿದ್ದರೆ ಬ್ಯಾಂಕು ಬಾಗಿಲು ತೆಗೆಯುತ್ತದೆ. 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ 7. 10 ಲಕ್ಷದವರೆಗೆ ಗುಂಪಿನಿಂದ ಅಡಮಾನ ಕೇಳುವಂತಿಲ್ಲ. ಮ್ಯಾನೇಜರ್ ಕೇಳಿದರೆ ಸುಮ್ನೆ ತಲೆ ಆಡಿಸಬೇಡಿ, ನಿಯಮ ಹೀಗಿದೆಯಲ್ರೀ ಅಂತ ಮರ್ಯಾದೆಯಿಂದಲೇ ಹೇಳಿ.

ಒಕ್ಕೂಟದ ಬಲ ಜನ. ಬೆಳಿಗ್ಗೆ ಆರಕ್ಕೆ ಬಂದು ತೊಗರಿ ಹಸನು ಮಾಡುವ ಕೈಗಳು ಇಲ್ಲೇ ಇರುವುದು. ಹಸನು ಮಾಡದ ತೊಗರಿಯಿಂದ ಒಳ್ಳೆಯ ಬೇಳೆ ಬರುವುದಿಲ್ಲ. ಅದರ ದೌರ್ಬಲ್ಯ ಮಾರಾಟ. ನೂರು ಕೆಜಿ ಬೇಳೆಯನ್ನು ಜಾತ್ರೆಯಲ್ಲಿ, ಮೇಳದಲ್ಲಿ ಮಾರುತ್ತಾರೆ. ಹತ್ತು ಟನ್ ಮಾರು ಅಂದರೆ ಕಂಗಾಲಾಗುತ್ತಾರೆ. ಇನ್ನೊಂದು ಕಷ್ಟವನ್ನೂ ಹೇಳಬೇಕು. ಒಬ್ಬಳು ಗಟ್ಟಿ ಅಧ್ಯಕ್ಷೆ ಇದ್ದರೆ ಗುಂಪು ಓಡುತ್ತದೆ, ಆಕೆ ಮಗಳ ಬಾಣಂತನಕ್ಕೆ ಆರು ತಿಂಗಳು ಹೋದರೆ ನಿಂತುಬಿಡುತ್ತದೆ. ಇಬ್ಬರು ಮೂವರನ್ನು ತಯಾರು ಮಾಡಿಟ್ಟುಕೊಳ್ಳಿ.

ರೈತ ಉತ್ಪಾದಕರ ಕಂಪನಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಜನ ಅತಿ ಹೆಚ್ಚು ತಪ್ಪು ತಿಳಿದಿರುವುದು ಇದನ್ನೇ.

ಎಫ್‌ಪಿಒ ಅಂದರೆ ರೈತರೇ ಶೇರುದಾರರಾಗಿ ಇರುವ ಸಂಸ್ಥೆ. ಕಂಪನಿ ಕಾನೂನಿನಲ್ಲಿ ನೋಂದಾಯಿಸಲು ಹತ್ತು ಜನ ರೈತರಿದ್ದರೂ ಸಾಕು. ಯಾರು ಎಷ್ಟೇ ಶೇರು ಹಾಕಿರಲಿ, ಒಬ್ಬರಿಗೆ ಒಂದೇ ಓಟು. 2020ರಲ್ಲಿ ಕೇಂದ್ರ ಸರ್ಕಾರ 10,000 ಎಫ್‌ಪಿಒ ಕಟ್ಟುವ ಯೋಜನೆ ತಂದಿತು. ಅದರಲ್ಲಿ ಬಯಲು ಸೀಮೆಗೆ ಕನಿಷ್ಠ 300 ಸದಸ್ಯರು ಬೇಕು. ಮೂರು ವರ್ಷಕ್ಕೆ ನಡೆಸುವ ಖರ್ಚಿಗಾಗಿ 18 ಲಕ್ಷದವರೆಗೆ ಕೊಡುತ್ತಾರೆ. ಸದಸ್ಯರು ಹಾಕಿದ ಶೇರು ಹಣಕ್ಕೆ ಸಮನಾಗಿ, ತಲಾ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷ ಮೀರದಂತೆ ಸರ್ಕಾರವೂ ಹಾಕುತ್ತದೆ. 300 ಜನ ಎರಡೆರಡು ಸಾವಿರ ಹಾಕಿದರೆ ನಿಮ್ಮದು 6 ಲಕ್ಷ, ಸರ್ಕಾರದ್ದು 6 ಲಕ್ಷ. ಕೇಳಲು ಚೆಂದ, ಅಲ್ವಾ?

ಕಷ್ಟ ಬರುವುದು ನಾಲ್ಕನೇ ವರ್ಷ. ಆ ಖರ್ಚಿನ ಹಣದಲ್ಲಿ ಸಿಇಒಗೆ ತಿಂಗಳಿಗೆ 25,000, ಲೆಕ್ಕ ಬರೆಯುವವರಿಗೆ 10,000 ಸೇರಿರುತ್ತದೆ. ಸಹಾಯ ನಿಂತ ಮೇಲೆ ಈ 35,000 ಯಾರು ಕೊಡುತ್ತಾರೆ? ವರ್ಷಕ್ಕೆ 4 ಲಕ್ಷ 20 ಸಾವಿರ. ಕ್ವಿಂಟಲ್ ಮೇಲೆ ಸಂಸ್ಥೆಗೆ ನೂರು ರೂಪಾಯಿ ಉಳಿಯುತ್ತದೆ ಅಂದರೆ 4,200 ಕ್ವಿಂಟಲ್ ವ್ಯಾಪಾರ ಆಗಬೇಕು. 300 ಸದಸ್ಯರು ಇದ್ದರೆ ತಲಾ 14 ಕ್ವಿಂಟಲ್ ತಂದು ಹಾಕಬೇಕು. ನಮ್ಮ ಖುಷ್ಕಿ ಹೊಲದಲ್ಲಿ, ಮಳೆ ಸರಿಯಾಗಿ ಆದ ವರ್ಷ, ಅದು ನಾಲ್ಕೈದು ಎಕರೆಯ ಪೂರ್ತಿ ಬೆಳೆ. ಗಿಡ ಒಣಗಿಸುವ ನೆಟೆರೋಗ ಬಂದ ವರ್ಷ ಅಷ್ಟು ಎಲ್ಲಿಂದ ತರುತ್ತಾರೆ? ಎಷ್ಟೋ ಸದಸ್ಯರು ರಾಶಿಗೆ ಮೊದಲೇ ಅಡತಿ ಅಂಗಡಿಯಲ್ಲಿ ಕೈಗಡ ತಂದಿರುತ್ತಾರೆ. ಅವರ ಚೀಲ ಕಣದಿಂದ ನೇರ ಅಲ್ಲಿಗೇ ಹೋಗುತ್ತದೆ. ಅದು ಅವರ ತಪ್ಪಲ್ಲ.

ಹಾಗಂತ ಎಫ್‌ಪಿಒ ಬೇಡ ಅನ್ನುತ್ತಿಲ್ಲ. ಬೀಜ, ಗೊಬ್ಬರ ಸಗಟಿನಲ್ಲಿ ತರುವುದಕ್ಕೆ, ದೊಡ್ಡ ವ್ಯಾಪಾರಿಯ ಜತೆ ಮಾತಾಡುವುದಕ್ಕೆ ಇದಕ್ಕಿಂತ ಒಳ್ಳೆಯ ರೂಪ ಇಲ್ಲ. ನನ್ನ ಮಾತು ಇಷ್ಟೇ: ಹೊಸದನ್ನು ಕಟ್ಟಬೇಡಿ. 10,000ನೇ ಎಫ್‌ಪಿಒ 2025ರ ಫೆಬ್ರುವರಿಯಲ್ಲೇ ಆಗಿಹೋಗಿದೆ. ನಿಮ್ಮ ತಾಲ್ಲೂಕಿನಲ್ಲಿ ಈಗಾಗಲೇ ಒಂದಿದೆಯಾ ಅಂತ ಕೃಷಿ ಇಲಾಖೆಯಲ್ಲೋ ನಬಾರ್ಡ್‌ನ ಜಿಲ್ಲಾ ಅಧಿಕಾರಿಯ ಹತ್ತಿರವೋ ಕೇಳಿ. ಇದ್ದರೆ ಕಳೆದ ವರ್ಷದ ಆಡಿಟ್ ವರದಿ ಕೇಳಿ ತೆಗೆದುಕೊಳ್ಳಿ. ಎಷ್ಟು ಜನ ಸದಸ್ಯರು ಅನ್ನುವುದನ್ನು ನೋಡಬೇಡಿ, ಎಷ್ಟು ಜನ ಸದಸ್ಯರು ಹೋದ ವರ್ಷ ಮಾಲು ಹಾಕಿದ್ದಾರೆ ಅನ್ನುವುದನ್ನು ನೋಡಿ.

ಸಹಕಾರ ಸಂಘ

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ಸಹಕಾರದ ದಾರಿ ಇವತ್ತು ಹೆಚ್ಚುಕಮ್ಮಿ ಎಲ್ಲ ಊರಿಗೂ ಬಂದಿದೆ. ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಹತ್ತಿರ ಮೂರು ಗಟ್ಟಿ ವಸ್ತುಗಳಿವೆ: ಗೋದಾಮು, ತಕ್ಕಡಿ, ಸಾಲ. ರಾಜ್ಯ ಸರ್ಕಾರ 2023ರಿಂದ ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ. ಬೆಂಬಲ ಬೆಲೆಯ ತೊಗರಿ ಖರೀದಿ ಕೇಂದ್ರಗಳೂ ಎಷ್ಟೋ ಕಡೆ ಇಲ್ಲೇ ತೆರೆಯುತ್ತವೆ.

ಆದರೆ ಸಂಘ ಅಂದರೆ ಊರಿನ ರಾಜಕೀಯವೂ ಹೌದು. ಚುನಾವಣೆ ಬಂದರೆ ಎರಡು ಪೆನಲ್, ಎರಡು ಕಟ್ಟೆ. ಗೆದ್ದವರು ನಿಮ್ಮ ಗುಂಪಿನವರಾದರೆ ಸರಿ, ಇಲ್ಲದಿದ್ದರೆ ಗೋದಾಮಿನ ಬೀಗ ತೆಗೆಸುವುದಕ್ಕೆ ವಾರ ಬೇಕು. ಹಾಗಾಗಿ ನಾನು ಹೇಳುವುದು: ಸಂಘವನ್ನು ಪಾಲುದಾರ ಮಾಡಿಕೊಳ್ಳುವುದಕ್ಕಿಂತ ಸಂಘದಿಂದ ಸೇವೆ ಪಡೆಯಿರಿ. ಗೋದಾಮಿಗೆ ಬಾಡಿಗೆ ಕಟ್ಟಿ, ರಸೀದಿ ತೆಗೆದುಕೊಳ್ಳಿ. ರಸೀದಿ ಇದ್ದವರ ಚೀಲ ಯಾವ ಪೆನಲ್ ಬಂದರೂ ಚೀಲವೇ.

ಗ್ರಾಮ ಪಂಚಾಯಿತಿ

ಪಂಚಾಯಿತಿ ದುಡ್ಡು ಕೊಡುತ್ತದೆ ಅಂತ ಕಾಯಬೇಡಿ. ಅದು ಕೊಡಬಲ್ಲದ್ದು ಜಾಗ, ನೀರು ಮತ್ತು ಠರಾವು, ಅಂದರೆ ಸಭೆಯ ನಿರ್ಣಯ. ಠರಾವಿನ ಬೆಲೆ ಜನರಿಗೆ ಗೊತ್ತಿಲ್ಲ. ಮೇಲೆ ಹೇಳಿದ ನೀಲಿ ಗಿರಣಿಗೆ ಬೇಕಾಗಿದ್ದದ್ದು ಒಂದೇ ಒಂದು ಠರಾವು: "ಈ ಕೋಣೆಯನ್ನು ಇಂಥ ಒಕ್ಕೂಟಕ್ಕೆ ಇಷ್ಟು ವರ್ಷಕ್ಕೆ ಇಷ್ಟು ಬಾಡಿಗೆಗೆ ಕೊಟ್ಟಿದೆ." ಅದು ಇದ್ದಿದ್ದರೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂನಲ್ಲಿ ಮೀಟರಿಗೆ ಅರ್ಜಿ ಹಾಕಬಹುದಿತ್ತು. ಬಾಯಿ ಮಾತಿನಲ್ಲಿ ಕೊಟ್ಟ ಕೋಣೆ ಹೊಸ ಅಧ್ಯಕ್ಷರು ಬಂದ ದಿನ ಹೋಗುತ್ತದೆ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತೆಗೆದುಕೊಳ್ಳಿ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಏಳು ಜಿಲ್ಲೆಗಳಿಗೆ ದೊಡ್ಡ ಮೊತ್ತ ಬರುತ್ತಿದೆ. ಅದು ಹೆಚ್ಚಾಗಿ ರಸ್ತೆ, ಶಾಲೆ ಕೋಣೆ, ಆಸ್ಪತ್ರೆಗಳ ಕಡೆ ಹೋಗುತ್ತದೆ. ಒಂದು ಗುಂಪು ನೇರವಾಗಿ ಹೋಗಿ ಗಿರಣಿ ಕೊಡಿ ಅಂದರೆ ಆಗುವ ಕೆಲಸ ಅಲ್ಲ.

ಕಾರ್ಖಾನೆಯ ಸಿಎಸ್‌ಆರ್ ಹಣ

ಸೇಡಂ, ಮಳಖೇಡ, ವಾಡಿ ಕಡೆ ಸುಣ್ಣದ ಕಲ್ಲು ಇದೆ, ಸಿಮೆಂಟ್ ಕಾರ್ಖಾನೆಗಳಿವೆ. 2013ರ ಕಂಪನಿ ಕಾನೂನಿನ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಅನ್ನುವುದು. ಸುತ್ತಲಿನ ಊರಿಗೆ ಮೊದಲ ಆದ್ಯತೆ ಕೊಡಬೇಕು ಅಂತಲೂ ಕಾನೂನಿನಲ್ಲಿದೆ. ಹಾಗಾಗಿ ಕೇಳುವುದು ಭಿಕ್ಷೆ ಅಲ್ಲ. ತಲೆ ಎತ್ತಿ ಕೇಳಿ.

ಆದರೆ ಒಂದು ತೊಡಕಿದೆ. ನಿಮ್ಮ ಸ್ವಸಹಾಯ ಗುಂಪಿನ ಖಾತೆಗೆ ಕಂಪನಿ ಸುಮ್ನೆ ಹಣ ಹಾಕಲಾರದು. ಯೋಜನೆಯನ್ನು ಕಂಪನಿ ತಾನೇ ನಡೆಸಬೇಕು, ಇಲ್ಲವೇ ಇಂಥ ಹಣ ಪಡೆಯಲು ಸರ್ಕಾರದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿ ಇರುವ ಸಂಸ್ಥೆಯ ಮೂಲಕ ನಡೆಸಬೇಕು. ಹೊರಗಿನ ಟ್ರಸ್ಟ್ ಆಗಿದ್ದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಜತೆಗೆ ಮೂರು ವರ್ಷ ಇಂಥ ಕೆಲಸ ಮಾಡಿದ ದಾಖಲೆ ಇರಬೇಕು. ಅಂದರೆ ನಡುವೆ ಒಬ್ಬರು ಬರುತ್ತಾರೆ. ಆ ನಡುವಿನವರು ಯಾರು, ಎಷ್ಟು ದಿನ ಊರಿನಲ್ಲಿ ಇರುತ್ತಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಸಿಎಸ್‌ಆರ್ ಹಣ ಒಂದು ಸಲದ ಖರ್ಚಿಗೆ ಬಂಗಾರ: ಶೆಡ್, ಮಶೀನ್, ಟ್ರಾನ್ಸ್‌ಫಾರ್ಮರ್, ತರಬೇತಿ. ತಿಂಗಳ ಖರ್ಚಿಗೆ ಅದನ್ನು ನಂಬಬೇಡಿ. ಮತ್ತೆ, ಮಾರ್ಚ್ ತಿಂಗಳಲ್ಲಿ ಅವಸರದಲ್ಲಿ ಬರುವ ಹಣವನ್ನು ಎರಡು ಸಲ ಯೋಚಿಸಿ ತೆಗೆದುಕೊಳ್ಳಿ. ವರ್ಷದ ಲೆಕ್ಕ ಮುಗಿಸಬೇಕು ಅಂತ ಕೊಟ್ಟ ಮಶೀನಿಗೆ ನಿಮ್ಮ ಊರಿನ ಕರೆಂಟು ಎಷ್ಟು ಅಂತ ಕೇಳುವ ಪುರಸೊತ್ತು ಯಾರಿಗೂ ಇರುವುದಿಲ್ಲ.

ಬೇಳೆ ಗಿರಣಿಯ ಮಾಲೀಕರು

ಈ ಹೆಸರು ನೋಡಿ ಕೆಲವರಿಗೆ ಸಿಟ್ಟು ಬರಬಹುದು. ವ್ಯಾಪಾರಿ ಜತೆ ಪಾಲುದಾರಿಕೆಯಾ? ಹೌದು. ಕಲಬುರಗಿಯಲ್ಲಿ, ಕಪನೂರ ಕೈಗಾರಿಕಾ ಪ್ರದೇಶದ ಕಡೆ, ಎಷ್ಟೊಂದು ದಾಲ್ ಮಿಲ್‌ಗಳಿವೆ. ಬೆಳೆ ಕಮ್ಮಿ ಆದ ವರ್ಷ ಅವರಿಗೂ ಮಾಲಿನ ಚಿಂತೆ ಇರುತ್ತದೆ. ಕೂಲಿ ಕೊಟ್ಟರೆ ನಿಮ್ಮ ತೊಗರಿಯನ್ನು ಒಡೆದು ಕೊಡುವವರು ಸಿಗುತ್ತಾರಾ ಅಂತ ವಿಚಾರಿಸಿ.

ಹೊಸದಾಗಿ ಶುರು ಮಾಡುವವರಿಗೆ ನಾನು ಜೋರಾಗಿ ಹೇಳುವ ಮಾತು ಇದು: ಮೊದಲ ಹಂಗಾಮಿನಲ್ಲಿ ಮಶೀನ್ ಕೊಳ್ಳಲೇಬೇಡಿ. 20 ಕ್ವಿಂಟಲ್ ತೊಗರಿ ಕೂಡಿಸಿ, ಹಸನು ಮಾಡಿ, ಕೂಲಿಗೆ ಒಡೆಸಿ. ಒಡೆಯುವಾಗ ಇಬ್ಬರು ಹೆಣ್ಣುಮಕ್ಕಳು ಅಲ್ಲೇ ನಿಂತಿರಲಿ. ತೊಗರಿಗೆ ಎಣ್ಣೆ ಎಷ್ಟು ಹಚ್ಚುತ್ತಾರೆ, ಎಷ್ಟು ದಿನ ಒಣಗಿಸುತ್ತಾರೆ, ಬೇಳೆ ಎಷ್ಟು, ನುಚ್ಚು ಎಷ್ಟು, ಹೊಟ್ಟು ಎಷ್ಟು, ಎಲ್ಲವನ್ನೂ ತೂಗಿ ಬರೆದುಕೊಳ್ಳಿ. 14 ಕ್ವಿಂಟಲ್ ಬೇಳೆ ಬಂತು ಅನ್ನಿ. ಅದನ್ನು ಮಾರಲು ಎಷ್ಟು ದಿನ ಬೇಕಾಯಿತು? ಯಾರು ಉದ್ರಿ ಕೇಳಿದರು? ಯಾರು ಎರಡನೇ ಸಲ ಬಂದರು? ಇಷ್ಟು ಗೊತ್ತಾದ ಮೇಲೆ ಮಶೀನ್ ಬೇಕೋ ಬೇಡವೋ ನಿಮಗೇ ತಿಳಿಯುತ್ತದೆ. ಹೀಗೆ ಮಾಡಿದ ಒಂದು ಗುಂಪು ಕೊನೆಗೆ ಮಶೀನ್ ಕೊಳ್ಳಲೇ ಇಲ್ಲ. ಅವರು ಹಸನು ಮಾಡುವುದು ಮತ್ತು ಪ್ಯಾಕ್ ಮಾಡುವುದನ್ನು ಮಾತ್ರ ಇಟ್ಟುಕೊಂಡರು. ಅವರ ಪುಸ್ತಕ ಬರೆಯುವುದು ನನಗೆ ಹಬ್ಬದ ಹಾಗಿರುತ್ತಿತ್ತು.

ಮಶೀನ್ ಬೇಕೇ ಬೇಕು ಅನ್ನಿಸಿದರೆ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆ ನೋಡಿ. ಅದರಲ್ಲಿ ಕಲಬುರಗಿಗೆ ತೊಗರಿ, ಬೀದರಿಗೆ ಶುಂಠಿ ಜಿಲ್ಲೆಯ ಬೆಳೆ ಅಂತ ಗುರುತಾಗಿದೆ. ಕೇಂದ್ರದ್ದು ಶೇ 35, ರಾಜ್ಯದ್ದು ಶೇ 15, ಒಟ್ಟು 15 ಲಕ್ಷದವರೆಗೆ ಸಹಾಯಧನ. ಆದರೆ ಇದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡ ಸಹಾಯಧನ. ಮೊದಲು ಸಾಲ ಮಂಜೂರಾಗಬೇಕು, ಹಣ ಕೈಗೆ ಬರುವುದಿಲ್ಲ, ಸಾಲದ ಖಾತೆಗೆ ಜಮಾ ಆಗುತ್ತದೆ. ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ.

ಕಲಿಸುವವರು

ಇವರನ್ನು ಎಲ್ಲರೂ ಮರೆಯುತ್ತಾರೆ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ನೆಟೆರೋಗ ತಡೆಯುವ ತಳಿ ಯಾವುದು, ಬೀಜೋಪಚಾರ ಹೇಗೆ ಅಂತ ಅಲ್ಲಿ ಹೇಳುತ್ತಾರೆ. ದುಡ್ಡು ಕೊಡುವುದಿಲ್ಲ, ದುಡ್ಡು ಕೇಳುವುದೂ ಇಲ್ಲ. ನಮ್ಮ ತೊಗರಿಗೆ 2019ರಲ್ಲಿ ಸಿಕ್ಕ ಜಿಐ, ಅಂದರೆ ಈ ಸೀಮೆಯದ್ದು ಅಂತ ಸಾರುವ ಭೌಗೋಳಿಕ ಗುರುತಿನ ಬಗ್ಗೆಯೂ ಒಂದು ಮಾತು. ಪ್ಯಾಕೆಟ್ ಮೇಲೆ ಆ ಗುರುತು ಹಾಕಬೇಕಾದರೆ ಅಧಿಕೃತ ಬಳಕೆದಾರರು ಅಂತ ಹೆಸರು ನೋಂದಾಯಿಸಬೇಕು. ಕಲಬುರಗಿಯಲ್ಲೇ ತೊಗರಿ ಮಂಡಳಿ ಇದೆ, ಅಲ್ಲಿ ವಿಚಾರಿಸಿ.

ನಾನಾದರೆ ಯಾರನ್ನು ಆರಿಸುತ್ತೇನೆ?

ಒಬ್ಬರನ್ನೇ ಅಲ್ಲ. "ಕಲಬುರಗಿ ರೊಟ್ಟಿ" ನೋಡಿ. ರೊಟ್ಟಿ ಬಡಿಯುವ ಕೈ ಗುಂಪಿನ ಹೆಣ್ಣುಮಕ್ಕಳದು. ಹೆಸರು ಕೊಟ್ಟು, ಮಾರುಕಟ್ಟೆಗೆ ಮುಟ್ಟಿಸಲು ಬೆನ್ನಿಗೆ ನಿಂತದ್ದು ಜಿಲ್ಲಾಡಳಿತ. ರೊಟ್ಟಿ ಬಡಿಯುವುದನ್ನು ಯಾರೂ ಅವರಿಗೆ ಕಲಿಸಬೇಕಾಗಿರಲಿಲ್ಲ. ಕಮ್ಮಿ ಇದ್ದದ್ದು ಮಾರುಕಟ್ಟೆ, ಅದನ್ನು ಕೊಡಬಲ್ಲವರು ಜತೆಗೆ ಬಂದರು.

ತೊಗರಿ ಬೇಳೆಗೆ ನನ್ನ ಆಯ್ಕೆ ಹೀಗೆ: ಜನಕ್ಕೆ ಒಕ್ಕೂಟ, ಕೋಣೆಗೆ ಪಂಚಾಯಿತಿ, ಮೊದಲ ವರ್ಷ ಒಡೆಸಲು ದಾಲ್ ಮಿಲ್, ಹೊರಗಿನ ಮಾರಾಟಕ್ಕೆ ಈಗಾಗಲೇ ನಡೆಯುತ್ತಿರುವ ಎಫ್‌ಪಿಒ. ಸಿಎಸ್‌ಆರ್ ಎರಡನೇ ವರ್ಷಕ್ಕೆ, ಕೈಯಲ್ಲಿ ಲೆಕ್ಕ ಬಂದ ಮೇಲೆ. ನಿಮ್ಮ ಊರಿನಲ್ಲಿ ಗುಂಪುಗಳೇ ಸತ್ತುಹೋಗಿದ್ದರೆ ಮಾತ್ರ ಸಂಘದಿಂದ ಶುರು ಮಾಡಿ. ಯಾದಗಿರಿ ಕಡೆ ಕಾಲುವೆ ನೀರಿನ ಭತ್ತದ ಊರಾದರೆ ಗೋದಾಮು ಇರುವವರೇ ಮೊದಲು ಬೇಕು, ಯಾಕೆಂದರೆ ಅಲ್ಲಿ ಮಾಲು ಒಂದೇ ಸಲ ರಾಶಿ ಬೀಳುತ್ತದೆ.

ಯಾರ ಜತೆ ಹೋದರೂ ಒಪ್ಪಂದದ ಕಾಗದದಲ್ಲಿ ಇಷ್ಟು ಇರಲಿ. ಮಶೀನ್ ಯಾರ ಹೆಸರಿನಲ್ಲಿದೆ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ. ಕೆಟ್ಟರೆ ರಿಪೇರಿ ಯಾರದು. ಬ್ಯಾಂಕ್ ಖಾತೆಗೆ ಯಾವ ಇಬ್ಬರ ಸಹಿ. ಬೀಗದ ಕೈ ಯಾರ ಹತ್ತಿರ. ಪಾಲುದಾರರು ಬಿಟ್ಟುಹೋದರೆ ವಸ್ತುಗಳು ಯಾರಿಗೆ ಉಳಿಯುತ್ತವೆ. ಕನ್ನಡದಲ್ಲಿ ಬರೆಸಿ, ಗುಂಪಿನ ಸಭೆಯಲ್ಲಿ ಜೋರಾಗಿ ಓದಿಸಿ. ಹೆಬ್ಬೆಟ್ಟು ಒತ್ತುವ ಅಕ್ಕನಿಗೂ ಅರ್ಥ ಆಗುವವರೆಗೆ ಓದಿಸಿ.

ಇನ್ನು ಯಾವಾಗ ಶುರು ಮಾಡಬೇಕು ಅನ್ನುವುದು. ತೊಗರಿ ಜೂನ್, ಜುಲೈನಲ್ಲಿ ಬಿತ್ತಿ, ಡಿಸೆಂಬರ್, ಜನವರಿಯಲ್ಲಿ ರಾಶಿ. ರಾಶಿಯ ಹೊತ್ತಿಗೆ ಯಾರಿಗೂ ಕೂತು ಮಾತಾಡಲು ಪುರಸೊತ್ತಿಲ್ಲ. ಹಾಗಾಗಿ ಆಗಸ್ಟಿನಲ್ಲಿ ಎಡೆ ಹೊಡೆಯುವುದು ಮುಗಿದ ಮೇಲೆ ಪಂಚಾಯಿತಿಯ ಠರಾವು ಮಾಡಿಸಿ. ದಸರೆಯೊಳಗೆ ಗಿರಣಿಯವರ ಹತ್ತಿರ ಕೂಲಿ ಮಾತಾಡಿ ಇಟ್ಟುಕೊಳ್ಳಿ. ದೀಪಾವಳಿ ಆದ ಮೇಲೆ ಮನೆಮನೆಗೆ ಹೋಗಿ ಯಾರು ಎಷ್ಟು ಚೀಲ ಕೊಡುತ್ತಾರೆ ಅಂತ ಹೆಸರು ಬರೆದುಕೊಳ್ಳಿ. ಕೈಗಡಕ್ಕೆ ಸಿಕ್ಕಿಬಿದ್ದವರು ಯಾರು ಅನ್ನುವುದೂ ಆವಾಗಲೇ ಗೊತ್ತಾಗುತ್ತದೆ. ಅಂಥವರಿಗೆ ಗುಂಪಿನಿಂದ ಒಂದಿಷ್ಟು ಸಾಲ ಕೊಟ್ಟು ಬಿಡಿಸಿಕೊಳ್ಳಲು ಆಗುತ್ತದಾ ಅಂತ ಆ ವಾರದ ಸಭೆಯಲ್ಲೇ ಕೇಳಿ.